ಒಂದು ಓಟಿನ ಪ್ರೆಸಿಡೆಂಟು

ಹೊಸಗುಡ್ಡ
21 ಮಾರ್ಚ್ 2021

ಚಿ. ಸೌ. ಪ್ರಸನ್ನಲಕ್ಷ್ಮಿಗೆ ನಿನ್ನ ಸೋದರಮಾವ ಗಂಗಣ್ಣನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಅತ್ತೆ ಪಾಲಮ್ಮ, ಎಮ್ಮೆ, ಮೂವರೂ ಗಟ್ಟಿಯಾಗಿದ್ದೇವೆ. ಸೋತವರ ಮನೆಯಲ್ಲಿ ಯಾರಿಗೂ ಅನ್ನ ಸೇರುತ್ತಿಲ್ಲವಂತೆ. ಅದನ್ನು ಕೇಳಿದ ಮೇಲೆ ನನಗೆ ಹಸಿವು ಹೆಚ್ಚಾಗಿದೆ.

ಫೋನ್ ಇರುವಾಗ ಮಾವನಿಗೆ ಕಾಗದದ ಹುಚ್ಚು ಯಾಕೆ ಎಂದು ನಗಬೇಡ. ಎಲೆಕ್ಷನ್ ಅಧಿಕಾರಿ ನಮ್ಮ ಮನೆಯ ಕೋಳಿಸಾರಿಗೆ ಬೆರಳು ನೆಕ್ಕಿ ಹೋದ ಎಂದು ಗೋಪಣ್ಣನ ಹತ್ತಿರ ಫೋನಿನಲ್ಲಿ ತಮಾಷೆಗೆ ಹೇಳಿದ್ದೆ. ಅದು ರೆಕಾರ್ಡಾಗಿ ಊರಿನ ವಾಟ್ಸಾಪ್ ಗುಂಪಿಗೆ ಬಂತು, ಅಲ್ಲಿಂದ ಕೋರ್ಟಿನ ಅರ್ಜಿಗೂ ಹತ್ತಿತು. ನಮ್ಮ ಲಾಯರ್ ಶ್ರೀನಿವಾಸ್ ಕೈಮುಗಿದು, "ಗಂಗಣ್ಣಾರ, ಕೇಸ್ ಮುಗಿಯೋತನಕ ಫೋನಿನಾಗ ಬಿಸಿಲು ಮಳಿ ಬಿಟ್ಟು ಬ್ಯಾರೆ ಏನೂ ಮಾತಾಡಬ್ಯಾಡ್ರಿ" ಎಂದರು. ಅದಕ್ಕೇ ಕಾಗದ. ನನ್ನ ಅಕ್ಷರ ನೋಡಿ ಏಳನೇ ಕ್ಲಾಸಿನಲ್ಲಿ ಇನ್‌ಸ್ಪೆಕ್ಟರು, ಇವನು ತಹಶೀಲ್ದಾರನಾಗುತ್ತಾನೆ ಎಂದಿದ್ದರು. ನಾನು ಎಂಟಕ್ಕೆ ಹೋಗಲಿಲ್ಲ, ಸರ್ಕಾರಕ್ಕೇ ನಷ್ಟ.

ಕೇಸ್ ಏನೆಂದರೆ, ಸೋತ ಚೌಡೇಶ್ವರಿ ರಾಯದುರ್ಗದ ಕೋರ್ಟಿಗೆ ಹೋಗಿದ್ದಾಳೆ. ನಮ್ಮ ಪಂಚಾಯತಿ ಪ್ರೆಸಿಡೆಂಟ್ ಸೀಟು ಹೆಂಗಸರಿಗೆ ಬಂದಾಗ ಊರಿನವರೆಲ್ಲ ತಮ್ಮ ತಮ್ಮ ಹೆಂಡತಿಯನ್ನು ನಿಲ್ಲಿಸುವುದೆಂದು ಕಾದಿದ್ದರು. ಇವಳು ನೋಡಿದರೆ ಗಂಡನನ್ನು ಕೇಳದೆ ತಾನೇ ನಿಂತಳು. ನಾಲ್ಕು ಹೊಲಿಗೆ ಮಿಷನ್ ಇಟ್ಟುಕೊಂಡು ರಾಯದುರ್ಗದ ಪ್ಯಾಂಟಿನ ಅಂಗಡಿಗಳಿಗೆ ಹೊಲಿದು ಕಳಿಸುವವಳಿಗೆ ಕತ್ತರಿ ಗುರುತೇ ಸಿಕ್ಕಿತು. ನಮ್ಮದು ಉಂಗುರ. ಎಣಿಸಿದರು, ನಿನ್ನ ಅತ್ತೆ ಒಂದು ಓಟಿನಿಂದ ಗೆದ್ದಳು. ಚೌಡೇಶ್ವರಿ ಮತ್ತೆ ಎಣಿಸಿರಿ ಎಂದಳು. ಮತ್ತೆ ಎಣಿಸಿದರೂ ಒಂದೇ. ಈಗ ಜಡ್ಜ್ ಎದುರಿಗೆ ಇನ್ನೊಂದು ಸಲ ಎಣಿಸಬೇಕಂತೆ.

ಆ ಒಂದು ಓಟು ನಿನ್ನದು ಮಗಳೇ! ಊರೆಲ್ಲ ಹಾಗೇ ಹೇಳಿಕೊಂಡು ಬಂದಿದ್ದೇನೆ. ಕೊಟ್ಟ ಹೆಣ್ಣುಮಕ್ಕಳನ್ನು ಓಟಿಗೆ ತವರಿಗೆ ಕರೆಸುವುದು ಎಲ್ಲರಿಗೂ ಗೊತ್ತು, ಆದರೆ ಕಾರು ಕಳಿಸಿ, ಉಡಿ ತುಂಬಿ, ರವಿಕೆಯ ಕಣ ಕೊಟ್ಟು, ಬೂತಿನ ಬಾಗಿಲ ತನಕ ಮೆರವಣಿಗೆ ಮಾಡಿದವನು ನಾನೊಬ್ಬನೇ. ಬೇರೆಯವರು ತಮ್ಮ ಮಗಳಂದಿರಿಗೆ ಬಸ್ ಚಾರ್ಜು ಕೊಡಲೂ ಮುಖ ಸಿಂಡರಿಸಿದರು.

ನಿನ್ನ ಅತ್ತೆ ಚೌಡೇಶ್ವರಿಯ ಮಿಷನ್ನಿಗೆ ಹೋಗುವುದನ್ನು ಬಿಡಿಸಿದ್ದೇನೆ. ಪ್ರೆಸಿಡೆಂಟಮ್ಮ ಎದುರಾಳಿಯ ಮನೆಯಲ್ಲಿ ಕೂತು ಪ್ಯಾಂಟಿಗೆ ಜೇಬು ಹೊಲಿಯುವುದೆಂದರೆ ಹೇಗಿರುತ್ತದೆ? ಈಗ ಮನೆಯಲ್ಲೇ ಮಹಾರಾಣಿ. ಯಾರಾದರೂ ಓಟಿನ ವಿಷಯ ಕೇಳಿದರೆ ಬಾಯಿ ಬಿಡಬೇಡ.

ನಿನ್ನ ಮಾವ
ಗಂಗಣ್ಣ (ಪ್ರೆಸಿಡೆಂಟರ ಯಜಮಾನರು)


ಮಡಕಶಿರಾ
18 ಏಪ್ರಿಲ್ 2021

ಮಾವನವರಿಗೆ ಪ್ರಸನ್ನಲಕ್ಷ್ಮಿಯ ನಮಸ್ಕಾರ.

ಕಾಗದ ತಲುಪಿತು. ಕೊರೋನಾ ಜಾಸ್ತಿಯಾಗಿದೆ ಅನ್ನುತ್ತಾರೆ, ಕೋರ್ಟು ಕಚೇರಿ ಎಂದು ಗುಂಪಿನಲ್ಲಿ ತಿರುಗಬೇಡಿ. ಇವರು ಚೆನ್ನಾಗಿದ್ದಾರೆ. ರೊಳ್ಳದ ಕಡೆ ಹಿಪ್ಪುನೇರಳೆ ತೋಟವನ್ನು ನಮ್ಮ ಭಾವನವರಿಗೆ ಬಿಟ್ಟು ಇಲ್ಲೇ ಬಸ್ ಸ್ಟ್ಯಾಂಡ್ ಹತ್ತಿರ ಬ್ಲೌಸ್ ಅಂಗಡಿ ಮಾಡಿದ್ದೇವೆ. ಲೈನಿಂಗ್ ಕೆಲಸ ನನ್ನದು, ಗಿರಾಕಿಗಳ ಬೈಗುಳ ತಿನ್ನುವ ಕೆಲಸ ಇವರದು.

ನಿಮ್ಮಲ್ಲಿ ಒಂದು ಬೇಡಿಕೆ. ನನ್ನ ಓಟಿನಿಂದಲೇ ಗೆದ್ದದ್ದು ಎಂದು ಊರಲ್ಲಿ ಹೇಳಬೇಡಿ. ಅಷ್ಟು ಜನ ಹಾಕಿರುವಾಗ ಒಬ್ಬಳ ಹೆಸರು ಯಾಕೆ?

ಅತ್ತೆ ಹೊಲಿಗೆ ಬಿಟ್ಟದ್ದು ಅವರಿಗೆ ಸಮಾಧಾನವೇ? ನೀವು ಬರೆದದ್ದರಲ್ಲಿ ಅವರ ಮಾತು ಒಂದೂ ಇರಲಿಲ್ಲ. ಒಮ್ಮೆ ಅವರಿಂದ ನಾಲ್ಕು ಸಾಲು ಬರೆಸಿ ಕಳಿಸಿ. ಸಹಿ ಹಾಕುವಷ್ಟೇ ಅಲ್ಲ, ಅವರಿಗೆ ಚೆನ್ನಾಗಿಯೇ ಬರೆಯಲು ಬರುತ್ತದೆ.

ಪ್ರಸನ್ನಲಕ್ಷ್ಮಿ


ಹೊಸಗುಡ್ಡ
4 ಸೆಪ್ಟೆಂಬರ್ 2022

ಮಗಳೇ ಪ್ರಸನ್ನಿ,

ಒಂದೂವರೆ ವರ್ಷ ನೀನು ಮಾವನನ್ನು ಮರೆತಿದ್ದೆ. ಅಷ್ಟರಲ್ಲಿ ಸರ್ಕಾರದವರು ಜಿಲ್ಲೆ ಒಡೆದು ನಿಮ್ಮನ್ನು ಬೇರೆ ಜಿಲ್ಲೆಗೂ ಹಾಕಿದರು. ಇನ್ನು ಮೇಲೆ ನಾನು ಅನಂತಪುರ ಜಿಲ್ಲೆಯವನು, ನೀನು ಪರದೇಶದವಳು. ಬರುವಾಗ ಪಾಸ್‌ಪೋರ್ಟ್ ತಗೊಂಡು ಬಾ.

ನಮ್ಮ ಕೇಸ್ ಎಮ್ಮೆಯ ಹಾಗೆ ಕೆರೆಯಲ್ಲಿ ಮಲಗಿದೆ. ಮೊದಲು ಕೊರೋನಾ ರಜೆ, ಆಮೇಲೆ ಜಡ್ಜ್ ವರ್ಗ. ಹೊಸ ಜಡ್ಜಮ್ಮ ಬಂದಿದ್ದಾರೆ. ನನ್ನನ್ನು ನೋಡಿ, ಯಾರು ನೀವು ಎಂದು ತೆಲುಗಿನಲ್ಲಿ "ಎವರಯ್ಯಾ ಮೀರು?" ಎಂದರು. "ಪ್ರೆಸಿಡೆಂಟ್ ಗಾರಿ ಭರ್ತನಂಡಿ" ಎಂದೆ. "ಪ್ರೆಸಿಡೆಂಟ್ ಗಾರು ಎಕ್ಕಡ?" ಎಂದರು, ಅಂದರೆ ಅವರೆಲ್ಲಿ ಎಂದು. ಅವಳಿಗೆ ಮೈಯಲ್ಲಿ ಸೌಖ್ಯವಿಲ್ಲ ಎಂದೆ. ಕೋರ್ಟಿನಲ್ಲಿ ನಾನು ನಿಂತರೆ ಬೇರೆಯವರಿಗೆ ಮಾತು ಬರುವುದಿಲ್ಲ, ಅಷ್ಟು ತೂಕ ನನ್ನದು.

ಪಂಚಾಯತಿಯೂ ನನ್ನ ಕೈಯಲ್ಲೇ ನಡೆಯುತ್ತಿದೆ. ನಿನ್ನ ಅತ್ತೆಯ ಸಹಿಯನ್ನು ಈಗ ನಾನು ಅವಳಿಗಿಂತ ಅಂದವಾಗಿ ಹಾಕುತ್ತೇನೆ. ಪ್ರಮಾಣ ಮಾಡಿದ ದಿನ ಒಮ್ಮೆ ಆಫೀಸಿಗೆ ಬಂದಳು, ಮತ್ತೆ ಆ ಕಡೆ ಕರೆದುಕೊಂಡು ಹೋಗಿ ಅವಳಿಗೆ ತೊಂದರೆ ಕೊಟ್ಟಿಲ್ಲ. ನಾಲ್ಕು ಸಾಲು ಬರೆಸಿ ಎಂದಿದ್ದೆಯಲ್ಲ, ಹೇಳಿದೆ. "ಬರಿಯೋದೇನೈತಿ" ಅಂದಳು. ನೋಡು, ಕೊರತೆ ಇದ್ದವರು ತಾನೇ ಬರೆಯುವುದು.

ಈಗ ವಿಷಯಕ್ಕೆ ಬರುತ್ತೇನೆ. ಚೌಡೇಶ್ವರಿಯ ಲಾಯರಮ್ಮ ರಾಧಿಕಾ ಬಹಳ ಚುರುಕು. ಎಲ್ಲೆಲ್ಲಿಯ ಮತದಾರರ ಪಟ್ಟಿ ತರಿಸಿ ನೋಡಿದ್ದಾಳೆ. ನಿನ್ನ ಹೆಸರು ನಮ್ಮ ಊರಿನಲ್ಲೂ ಇದೆ, ನಿನ್ನ ಗಂಡನ ಊರಿನಲ್ಲೂ ಇದೆಯಂತೆ. ಇರಲಿ, ಹೆಸರು ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ. ಆದರೆ ಎರಡೂ ಕಡೆ ಓಟು ಹಾಕಿದ್ದರೆ ಅದು ಓಟೇ ಅಲ್ಲವಂತೆ, ತೆಗೆದು ಹಾಕುತ್ತಾರಂತೆ. ನಮ್ಮದು ಆದ ಮೇಲೆ ಒಂದು ವಾರಕ್ಕೆ ನಿಮ್ಮ ಕಡೆ ಪೋಲಿಂಗ್ ಇತ್ತು. ನೀನು ಹಾಕಿಲ್ಲ ಎಂದು ನನಗೆ ಗೊತ್ತು. ಹಾಕಿಲ್ಲ ಎಂದು ಎರಡು ಸಾಲು ಬರೆದು ಕಳಿಸು, ಶ್ರೀನಿವಾಸ್ ಅವರಿಗೆ ತೋರಿಸಿ ನಿದ್ದೆ ಮಾಡುತ್ತೇನೆ.

ನಿನ್ನ ಮಾವ ಗಂಗಣ್ಣ


ಮಡಕಶಿರಾ
9 ಅಕ್ಟೋಬರ್ 2022

ಮಾವನವರಿಗೆ ನಮಸ್ಕಾರ.

ಎರಡು ಸಾಲು ಸಾಲುವುದಿಲ್ಲ. ನಾನು ಅಲ್ಲಿಯೂ ಹಾಕಿದ್ದೇನೆ.

ಅಲ್ಲಿ ನಮ್ಮ ಭಾವನವರು ವಾರ್ಡಿಗೆ ನಿಂತಿದ್ದರು. ಬೆಳಿಗ್ಗೆ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದರು. ನಾನು ನಮ್ಮೂರಲ್ಲಿ ಹಾಕಿ ಬಂದಿದ್ದೀನಿ ಅಂದೆ. ಇವರು, "ಅಲ್ಲಿ ಹಾಕಿದ್ದು ಗಂಗಣ್ಣನಿಗೆ ಮರ್ಯಾದೆ, ಇಲ್ಲಿ ಹಾಕ್ದೇ ಇದ್ರೆ ನನ್ ಮರ್ಯಾದೆ ಏನಾಗ್ಬೇಕು? ನಡಿಯಮ್ಮ ಸುಮ್ನೆ" ಅಂದರು. ಬೆರಳಿನಲ್ಲಿ ಶಾಯಿ ಇರಲಿಲ್ಲ. ನೆನಪಿದೆಯಲ್ಲ, ಬೂತಿಗೆ ಹೋಗುವ ಮುಂಚೆ ನಮಗೆಲ್ಲ ಮೇಣದಬತ್ತಿ ತುಂಡು ಕೊಟ್ಟು ಉಗುರಿಗೆ ಉಜ್ಜಿಕೊಳ್ಳಿ ಎಂದವರು ನೀವೇ. ಶಾಯಿ ನಿಂತು ಗಂಡನ ಮನೆಯವರ ಕಣ್ಣಿಗೆ ಬೀಳಬಾರದು ಎಂದು ನಗುತ್ತಾ ಕೊಟ್ಟಿರಿ. ಅಲ್ಲಿ ಹೆಸರಿನ ಎದುರಿಗೆ ನನ್ನ ಸಹಿ ಇದೆ. ಇಲ್ಲ ಎಂದು ಹೇಳಿ ದಕ್ಕಿಸಿಕೊಳ್ಳುವುದು ಆಗದು.

ಮಾವ, ಅದು ಹೋದರೆ ಹೋಗಲಿ ಬಿಡಿ. ನನ್ನ ಓಟು ತೆಗೆದರೂ ನಿಮ್ಮ ಗೆಲುವಿಗೆ ಏನೂ ಆಗುವುದಿಲ್ಲ. ಇದನ್ನು ನಂಬಿ. ಅವರು ಕೇಳಿದರೆ ಒಪ್ಪಿಕೊಂಡು ಬಿಡಿ. ಪೆಟ್ಟಿಗೆ ತೆರೆಯುವ ತನಕ ಮಾತ್ರ ಎಳೆಯಬೇಡಿ, ಅಷ್ಟೇ ನಾನು ಕೇಳುವುದು.

ಪ್ರಸನ್ನಲಕ್ಷ್ಮಿ


ಹೊಸಗುಡ್ಡ
16 ಅಕ್ಟೋಬರ್ 2022

ಪ್ರಸನ್ನಿ,

ನಿನ್ನ ಕಾಗದ ಓದಿ ಮೊದಲು ಬೈದೆ, ಆಮೇಲೆ ನಕ್ಕೆ, ಮತ್ತೆ ಬೈದೆ. ಲೆಕ್ಕದಲ್ಲಿ ನೀನು ಸಣ್ಣವಳಿದ್ದಾಗಲೇ ಹಿಂದೆ. ಒಂದರಲ್ಲಿ ಒಂದು ಹೋದರೆ ಏನು ಉಳಿಯುತ್ತದೆ ತಾಯಿ? ಸಮ ಆಗುತ್ತದೆ. ಸಮ ಆದರೆ ಡಬ್ಬಿಯಲ್ಲಿ ಎರಡು ಹೆಸರು ಹಾಕಿ ಚೀಟಿ ಎತ್ತುತ್ತಾರೆ. ನಾನು ಬದುಕಿನಲ್ಲಿ ಎಲ್ಲವನ್ನೂ ಗೆದ್ದಿದ್ದೇನೆ, ಚೀಟಿ ಆಟ ಒಂದನ್ನು ಬಿಟ್ಟು. "ಏನೂ ಆಗುವುದಿಲ್ಲ, ನಂಬಿ" ಅನ್ನುತ್ತೀ. ಯಾವ ಸ್ವಾಮಿ ಬಂದು ನಿನ್ನ ಕಿವಿಯಲ್ಲಿ ಹೇಳಿದ?

ಶ್ರೀನಿವಾಸ್ ಅವರನ್ನು ಕೇಳಿದೆ. ನಿನಗೆ ಸಮನ್ಸ್ ಬಂದೇ ಬರುತ್ತದಂತೆ. ಬೋನಿನಲ್ಲಿ ನಿಂತಾಗ, "ಅಲ್ಲಿ ನಾನು ಹೋಗಿಲ್ಲ, ಯಾರೋ ನನ್ನ ಹೆಸರಿಗೆ ಹಾಕ್ಯಾರ, ಆ ಸಹಿ ನಂದಲ್ಲ" ಎಂದು ಹೇಳು. ಅಷ್ಟೇ. ನಿನ್ನ ಗಂಡ ಗುರುಪ್ರಕಾಶನಿಗೆ ನಾನೇ ಬಂದು ಹೇಳುತ್ತೇನೆ.

ಇದು ನಿನಗೆ ದೊಡ್ಡ ಕೆಲಸವೇ? ನಿನ್ನ ತಾಯಿ ಕಣ್ಣು ಮುಚ್ಚಿದಾಗ ನೀನು ಹಾಲು ಹಲ್ಲಿನವಳು. ಹೆಗಲ ಮೇಲೆ ಕೂರಿಸಿಕೊಂಡು ಭೈರವಾನಿತಿಪ್ಪ ಡ್ಯಾಮಿನ ಕಟ್ಟೆ ಮೇಲೆ ತಿರುಗಿದವನು ಯಾರು? ನೇಮಕಲ್ಲು ಆಂಜನೇಯನಿಗೆ ಹರಕೆ ಹೊತ್ತು ನಿನ್ನ ಜ್ವರ ಇಳಿಸಿದವನು ಯಾರು? ನಾನು ಕೂಲಿ ಕೇಳುತ್ತಿಲ್ಲ. ಒಂದು ಮಾತು ಕೇಳುತ್ತಿದ್ದೇನೆ.

ಊರಲ್ಲಿ ಈಗ ನನ್ನನ್ನು ನೋಡಿದರೆ ಬೀಡಿ ಎಸೆದು ಏಳುತ್ತಾರೆ. ಹತ್ತು ವರ್ಷ ನಾನು ಊರ ಮುಂದಿನ ಹರಟೆ ಕಟ್ಟೆಯಲ್ಲಿ ಜನರನ್ನು ನಗಿಸುವವನಾಗಿ ಕೂತಿದ್ದೆ. ನಗಿಸುವವನಿಗೆ ಯಾರೂ ಎದ್ದು ನಿಲ್ಲುವುದಿಲ್ಲ. ಇದು ಹೋದರೆ ಮತ್ತೆ ಆ ಕಟ್ಟೆಗೇ.

ಗಂಗಣ್ಣ


ಮಡಕಶಿರಾ
23 ಜೂನ್ 2024

ಮಾವನವರಿಗೆ ನಮಸ್ಕಾರ.

ನಿಮ್ಮ ಕಡೆಯ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಏನು ಬರೆದರೂ ನಿಮಗೆ ಬೇರೆ ಕೇಳಿಸುತ್ತಿತ್ತು. ಈಗ ಸಮನ್ಸ್ ಬಂದಿದೆ.

ಹೋದ ವಾರ ಚೌಡಕ್ಕ ನಮ್ಮ ಅಂಗಡಿಗೆ ಬಂದಿದ್ದಳು. ಇನ್ನೊಬ್ಬರ ಬಾಯಿಂದ ನಿಮಗೆ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು. ಬಸ್ಸಿಳಿದು ಸೀದಾ ಬಂದು, ಗಿರಾಕಿಗಳ ಬೆಂಚಿನಲ್ಲಿ ಕೂತಳು. ತುಂಬಾ ಇಳಿದುಹೋಗಿದ್ದಾಳೆ.

"ನಿನ್ನ ಮ್ಯಾಗ ನನಗ ಸಿಟ್ಟಿಲ್ಲ ಪ್ರಸನ್ನಿ. ಸಾಕಿದ ಮಾವಗ ನೀ ಹಾಕೋದು ಧರ್ಮ. ಆದ್ರ ಆ ಓಟು ತೆಗಿಸಿದ್ರ ನಾನು ಚೀಟಿ ಎತ್ತೋ ಮಟ್ಟಕ್ಕರ ಬರ್ತೀನಿ. ಕೋರ್ಟಿನಾಗ ನಿನ್ನ ಹೆಸರು ಎಳಿತೀನಿ, ಕ್ಷಮಿಸಬೇಕು" ಎಂದಳು.

"ಅಕ್ಕಾ, ಕೇಸ್ ವಾಪಸ್ ತಗೋ. ನಿನಗ ಇದರಾಗ ಒಳ್ಳೇದಾಗಂಗಿಲ್ಲ" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಗಂಗಣ್ಣ ಹೇಳಿ ಕಳಿಸ್ಯಾನೇನು?" ಅಂದಳು. ನಾನು ಊಟಕ್ಕೆ ಎಲೆ ಹಾಕಿದೆ. ಊಟ ಮಾಡಿ ಹೋದಳು. ಕೈ ತೊಳೆಯುವಾಗ ಅತ್ತೆಯ ಮಿಷನ್ ಇನ್ನೂ ಬೇರೆಯವರಿಗೆ ಕೊಟ್ಟಿಲ್ಲ ಎಂದಳು. ಅದರ ಮೇಲೆ ಬಟ್ಟೆ ಹೊದಿಸಿಟ್ಟಿದ್ದಾಳಂತೆ.

ನಾನು ಕೋರ್ಟಿನಲ್ಲಿ ಸುಳ್ಳು ಹೇಳುವುದಿಲ್ಲ ಮಾವ. ಎರಡೂ ಕಡೆ ಹಾಕಿದ್ದೇನೆ ಎಂದೇ ಹೇಳುತ್ತೇನೆ. ಶಿಕ್ಷೆ ಏನಾದರೂ ಇದ್ದರೆ ಅದೂ ನನಗೇ ಇರಲಿ.

ಪ್ರಸನ್ನಲಕ್ಷ್ಮಿ


ಹೊಸಗುಡ್ಡ
29 ಸೆಪ್ಟೆಂಬರ್ 2024

ಪ್ರಸನ್ನಲಕ್ಷ್ಮಿಗೆ,

ಹೇಳಿದಂತೆಯೇ ಮಾಡಿಬಿಟ್ಟೆ ನೀನು. ಬೋನಿನಲ್ಲಿ ನಿಂತು, ಕಣ್ಣು ಮೇಲೆತ್ತದೆ, "ಎರಡೂ ಕಡೆ ಹಾಕೀನ್ರಿ" ಎಂದೆ. ಶ್ರೀನಿವಾಸ್ ಅವರು ನನ್ನನ್ನು ನೋಡಿದರು, ನಾನು ಫ್ಯಾನು ನೋಡಿದೆ. ಆಮೇಲೆ ನೀನು ಮನೆಗಾದರೂ ಬರುತ್ತೀ ಎಂದು ನಿನ್ನ ಅತ್ತೆ ಹೋಳಿಗೆ ತಟ್ಟಿಕೊಂಡು ಕೂತಿದ್ದಳು. ನೀನು ಕೋರ್ಟಿನ ಬಾಗಿಲಿಂದಲೇ ಕಲ್ಯಾಣದುರ್ಗದ ಬಸ್ಸು ಹತ್ತಿದೆಯಂತೆ. ಹೋಳಿಗೆ ಎಮ್ಮೆಗೆ ಹಾಕಿದೆ. ಅದಕ್ಕಾದರೂ ಉಪಕಾರ ಗೊತ್ತು.

ಚೌಡೇಶ್ವರಿಗೆ ಕೇಸ್ ವಾಪಸ್ ತಗೋ ಎಂದು ನೀನು ಹೇಳಿದ್ದನ್ನು ನಾನು ಮರೆತಿಲ್ಲ. ಒಳಗೆ ನೀನು ನಮ್ಮವಳೇ. ಸುಳ್ಳು ಹೇಳುವುದಕ್ಕೆ ಮಾತ್ರ ಧೈರ್ಯ ಸಾಲದು. ಅದು ನಿನ್ನ ತಾಯಿಯ ಕಡೆಯಿಂದ ಬಂದದ್ದಲ್ಲ, ನಮ್ಮ ವಂಶದಲ್ಲಿ ಆ ಕೊರತೆ ಇಲ್ಲ.

ಈಗ ಜಡ್ಜಮ್ಮ ಆರ್ಡರ್ ಮಾಡಿದ್ದಾರೆ. ಓಟಿನ ಕಾಗದ ಹರಿದು ಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ತುಂಡಿನಲ್ಲಿ ನಿನ್ನ ನಂಬರ್ ಜೊತೆಗೆ ಆ ಕಾಗದದ ನಂಬರೂ ಇರುತ್ತದಂತೆ. ಆ ನಂಬರ್ ಹಿಡಿದು ಪೆಟ್ಟಿಗೆಯಲ್ಲಿ ನಿನ್ನ ಓಟನ್ನೇ ಹುಡುಕಿ ತೆಗೆದು, ಯಾರಿಗೆ ಬಿದ್ದಿದೆಯೋ ಅವರ ಲೆಕ್ಕದಿಂದ ಒಂದು ಕಳೆಯುತ್ತಾರಂತೆ. ಉಳಿದದ್ದನ್ನು ಮತ್ತೊಮ್ಮೆ ಎಣಿಸುತ್ತಾರೆ. ಶ್ರೀನಿವಾಸ್ ಧೈರ್ಯ ಹೇಳಿದ್ದಾರೆ: ಎಣಿಸುವಾಗ ಅವರ ಕಡೆಯದೂ ಒಂದೆರಡು ಕೆಟ್ಟ ಓಟು ಸಿಗದೆ ಇರುವುದಿಲ್ಲ.

ನಾನೂ ಯೋಚನೆ ಮಾಡಿದ್ದೇನೆ. ಸೋತರೂ ಆ ದಿನ ಜೀಪಿನ ತುಂಬ ಜನ ಕರೆದುಕೊಂಡು ಹೋಗುತ್ತೇನೆ. ನನ್ನ ಸೊಸೆ ಉಂಗುರಕ್ಕೇ ಒತ್ತಿದ್ದು ಎಲ್ಲರೂ ಕಣ್ಣಾರೆ ನೋಡಲಿ. ಗಂಗಣ್ಣ ಸಾಕಿದ ಹುಡುಗಿ ಏನೆಂದು ತಿಳಿಯಲಿ.

ನೀನು ಇನ್ನು ಕಾಗದ ಬರೆಯುವ ಅಗತ್ಯವಿಲ್ಲ.

ಗಂಗಣ್ಣ


ಮಡಕಶಿರಾ
14 ಅಕ್ಟೋಬರ್ 2024

ಮಾವ,

ಬರೆಯಬೇಡ ಎಂದಿದ್ದೀರಿ. ಇದೊಂದನ್ನು ಓದಿ, ಆಮೇಲೆ ಒಲೆಗೆ ಹಾಕಿ. ಜೀಪಿನಲ್ಲಿ ಜನರನ್ನು ಕರೆದುಕೊಂಡು ಹೋಗಬೇಡಿ. ಹೋಗಲೇಬೇಕಾದರೆ ಒಬ್ಬರೇ ಹೋಗಿ.

ನಾನು ಒತ್ತಿದ್ದು ಕತ್ತರಿಗೆ.

ನಿಮ್ಮ ಮೇಲಿನ ಹಗೆಯಿಂದ ಹಾಕಿದ್ದಲ್ಲ. ಹೆಗಲ ಮೇಲೆ ಕೂರಿಸಿಕೊಂಡದ್ದೂ ಸುಳ್ಳಲ್ಲ, ಜ್ವರವೂ ಸುಳ್ಳಲ್ಲ. ಆದರೆ ನನಗೆ ಹೊಲಿಗೆ ಕಲಿಸಿದವರು ಅತ್ತೆ. ಅವರು ಮಿಷನ್ನಿನ ಮುಂದೆ ಕೂತಾಗ ಹಾಡು ಹೇಳುತ್ತಿದ್ದರು. ನಿಮಗೆ ಗೊತ್ತಿಲ್ಲ, ಮನೆಯಲ್ಲಿ ಅವರು ಹಾಡುವುದನ್ನು ನಾನೂ ಕೇಳಿಲ್ಲ. ನಾಮಿನೇಷನ್ ದಿನ ನೀವು ಅವರನ್ನು ಕೇಳಲಿಲ್ಲ. ಅಂಗಳದಲ್ಲಿ ಗಾಡಿ ನಿಲ್ಲಿಸಿ, "ಏಳಽ, ಹಸಿರು ಸೀರಿ ಉಟಗೊಂಡು ಬಾ, ಪ್ರೆಸಿಡೆಂಟ್ ಆಗೂದೈತಿ" ಎಂದು ಕೂಗಿದಿರಿ. ಎಲ್ಲರೂ ನಕ್ಕರು. ಅವರು ಚೌಡಕ್ಕನ ಮನೆಯಲ್ಲಿ ಅರ್ಧ ಹೊಲಿದ ಜೇಬನ್ನು ಸೂಜಿಯಲ್ಲೇ ಬಿಟ್ಟು ಬಂದಿದ್ದರು. ಅದನ್ನು ನನಗೆ ಹೇಳಿದವಳು ಚೌಡಕ್ಕ.

ಅತ್ತೆ ಸೋತರೆ ಮಿಷನ್ನಿಗೆ ವಾಪಸ್ ಹೋಗುತ್ತಾರೆ ಎಂದುಕೊಂಡೆ. ಗೆದ್ದರೆ ನೀವು ಗೆಲ್ಲುತ್ತೀರಿ. ಅಷ್ಟೇ ನನ್ನ ಲೆಕ್ಕ. ನೀವು ಉಡಿ ತುಂಬಿ ಕಳಿಸಿದ ಕೈಯಲ್ಲೇ ಅದನ್ನು ಒತ್ತಿದೆ. ಉಡಿ ತುಂಬಿಸಿಕೊಂಡದ್ದಕ್ಕೆ ನನಗೆ ನಾಚಿಕೆ ಇದೆ. ಒತ್ತಿದ್ದಕ್ಕೆ ಇಲ್ಲ.

ನನ್ನ ಓಟು ತೆಗೆದರೆ ಚೌಡಕ್ಕನಿಗೇ ಒಂದು ಕಡಿಮೆಯಾಗುತ್ತದೆ. ಅವಳು ತನ್ನ ಕೈಯಿಂದ ತನ್ನದೇ ಓಟು ತೆಗೆಸುತ್ತಿದ್ದಾಳೆ. ಅವಳಿಗೂ ಹೇಳಲಾರದೆ, ನಿಮಗೂ ಹೇಳಲಾರದೆ ಇಷ್ಟು ದಿನ ಇದ್ದೆ. ಅವತ್ತು ಬರೆದೆನಲ್ಲ, ನಿಮ್ಮ ಗೆಲುವಿಗೆ ಏನೂ ಆಗುವುದಿಲ್ಲ ಎಂದು.

ಪ್ರಸನ್ನಿ


ಹೊಸಗುಡ್ಡ
2 ಫೆಬ್ರವರಿ 2025

ಪ್ರಸನ್ನಲಕ್ಷ್ಮಿಗೆ,

ನಿನ್ನ ಅಕ್ಟೋಬರಿನ ಕಾಗದವನ್ನು ನಾನು ಒಡೆದೇ ಇರಲಿಲ್ಲ. ಸಿಟ್ಟಿನಲ್ಲಿ ಗೋಡೆಯ ಗೂಡಿಗೆ ಎಸೆದಿದ್ದೆ. ಕೋರ್ಟಿನಿಂದ ಬಂದ ಮೇಲೆ ಓದಿದೆ.

ಜೀಪಿನಲ್ಲಿ ಹದಿಮೂರು ಜನ. ಮೈಸೂರುಪಾಕಿನ ಡಬ್ಬಿ ನನ್ನ ತೊಡೆಯ ಮೇಲೆ. ಸೀಲು ಒಡೆದರು, ಕಟ್ಟು ಬಿಚ್ಚಿದರು, ಮಧ್ಯಾಹ್ನದ ತನಕ ಹುಡುಕಿದರು. ಸಿಕ್ಕಿತು. ಜಡ್ಜಮ್ಮ ನೋಡಿ ಲಾಯರುಗಳಿಬ್ಬರಿಗೂ ತೋರಿಸಿದರು. ನಮ್ಮ ಶ್ರೀನಿವಾಸ್ ತಿರುಗಿ ನನಗೆ ಕೈಯಲ್ಲಿ ಸನ್ನೆ ಮಾಡಿದರು, ಎರಡು ಬೆರಳು ಹೀಗೆ ಬಿಡಿಸಿ ಮುಚ್ಚಿ ಕತ್ತರಿಯ ಹಾಗೆ. ನನಗೆ ಮೊದಲು ಅರ್ಥವಾಗಲಿಲ್ಲ. ಗೆದ್ದೆವು ಎಂದು ಎರಡು ಬೆರಳು ತೋರಿಸುತ್ತಿದ್ದಾರೆ ಎಂದುಕೊಂಡು ನಾನೂ ಎರಡು ಬೆರಳು ಎತ್ತಿದೆ. ಆಗ ಹಿಂದೆ ಕೂತಿದ್ದ ಓಬುಲೇಶ್ ಕಿಸಕ್ಕೆಂದ. ಅವನು ನಮ್ಮ ಜೀಪಿನಲ್ಲೇ ಬಂದವನು.

ಚೌಡೇಶ್ವರಿ ಅಳಲಿಲ್ಲ. ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಅಯ್ಯ ಪ್ರಸನ್ನಿ, ಒಂದು ಮಾತು ಹೇಳಬಾರದಾಗಿತ್ತೇನಽ" ಎಂದಳು, ನೀನು ಅಲ್ಲೇ ಪಕ್ಕದಲ್ಲಿ ಕೂತಿದ್ದೀಯೇನೋ ಅನ್ನುವ ಹಾಗೆ. ಉಳಿದ ಎಣಿಕೆಯಲ್ಲಿ ಏನೂ ಬದಲಾಗಲಿಲ್ಲ. ಅವಳ ಅರ್ಜಿ ವಜಾ ಆಯಿತು. ನಾವು ಒಂದರಲ್ಲಿ ಗೆದ್ದಿದ್ದವರು ಈಗ ಎರಡರಲ್ಲಿ ಗೆದ್ದಿದ್ದೇವೆ. ಈ ಗೆಲುವು ಸಿಗುವಷ್ಟರಲ್ಲಿ ಅವಧಿಯಲ್ಲಿ ಉಳಿದಿರುವುದು ಒಂದು ವರ್ಷ.

ಮೈಸೂರುಪಾಕು ಜೀಪಿನವರೇ ತಿಂದರು. ಊರು ತಲುಪುವಷ್ಟರಲ್ಲಿ ಅವರಲ್ಲಿ ಒಬ್ಬ, "ಗಂಗಣ್ಣ, ನಿಮ್ಮ ಕಾರಿನಾಗ ಬಂದು, ನಿಮ್ಮ ಉಡಿ ತುಂಬಿಸಿಕೊಂಡು, ನಿಮಗಽ ಕತ್ತರಿ ಹಾಕಿ ಹೋದಳಲ್ಲೋ" ಎಂದ. ಇಷ್ಟು ವರ್ಷ ಆ ಕಟ್ಟೆಯಲ್ಲಿ ತಮಾಷೆ ಕಟ್ಟುತ್ತಿದ್ದವನು ನಾನು. ಇದಕ್ಕಿಂತ ಚೆಂದದ್ದು ನನ್ನಿಂದಲೂ ಆಗುತ್ತಿರಲಿಲ್ಲ.

ಇನ್ನು ನನ್ನ ಬಾಗಿಲು ನಿನಗೆ ಇಲ್ಲ. ಪಟ್ಟಿಯಿಂದ ನಿನ್ನ ಹೆಸರು ತೆಗೆಸಲು ನಾನೇ ಅರ್ಜಿ ಬರೆದು ಕೊಟ್ಟಿದ್ದೇನೆ. ಕಾಗದವನ್ನು ಇಲ್ಲಿಗೇ ಮುಗಿಸಬೇಕೆಂದು ಕೂತವನು ನಾನು. ಆದರೆ ಇನ್ನೊಂದು ಇದೆ.

ಆ ದಿನ ಮನೆಗೆ ಬಂದು ನಿನ್ನ ಅತ್ತೆಗೆ ಹೇಳಿದೆ. "ನೀ ಸಾಕಿದ ಗಿಣಿ ನಿನಗಽ ಕಚ್ಚೇತಿ. ನಿನ್ನ ವಿರುದ್ಧ ಹಾಕ್ಯಾಳ" ಎಂದೆ. ಶಾಪ ಹಾಕುತ್ತಾಳೆ ಎಂದು ಕಾದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು:

"ಅಕಿದೊಂದಽ ತೆಗೆದು ನೋಡಿದ್ರೇನ್ರಿ?"

"ಮತ್ಯಾರದು ನೋಡಬೇಕಿತ್ತು?" ಎಂದೆ.

"ಯಾರದರ" ಎಂದಳು. ಮತ್ತೆ ಅಕ್ಕಿ ಆರಿಸಲು ಶುರು ಮಾಡಿದಳು. ಅವಳ ಮುಖದಲ್ಲಿ ಹೆದರಿದವರಿಗೆ ಆಪತ್ತು ಕಳೆದಾಗ ಇರುತ್ತದಲ್ಲ, ಅಂಥದೊಂದು ಇತ್ತು.

ದುಃಖಕ್ಕೆ ಮಾತು ತಪ್ಪಿದೆ ಎಂದುಕೊಂಡೆ. ಎರಡು ದಿನ ಹಾಗೇ ಅಂದುಕೊಂಡೆ. ಮೂರನೆಯ ದಿನ ರಾಯದುರ್ಗಕ್ಕೆ ಹೋಗಿ ಶ್ರೀನಿವಾಸ್ ಅವರನ್ನು ಕೇಳಿದೆ, ಇನ್ನೊಂದು ಓಟು ತೆರೆದು ನೋಡಲು ಅರ್ಜಿ ಹಾಕಬಹುದೇ ಎಂದು. ಯಾರದ್ರೀ ಎಂದರು. ಹೇಳಿದೆ. ಮೊದಲು ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಗೆದ್ದ ಅಭ್ಯರ್ಥಿ ಓಟು ಗೆದ್ದವರಽ ತೆಗಿಸೂದು ಯಾವ ಕಾನೂನಿನಾಗೂ ಇಲ್ರಿ ಗಂಗಣ್ಣಾರ. ಮನಿಗೆ ಹೋಗ್ರಿ" ಎಂದರು.

ಪೋಲಿಂಗ್ ದಿನ ನೀನು ಅವಳ ಹಿಂದೆಯೇ ಸಾಲಿನಲ್ಲಿ ನಿಂತಿದ್ದೆ. ನಾನು ಗೇಟಿನ ಹೊರಗೆ ಮೀಸೆ ತಿರುವುತ್ತಾ ನಿಂತಿದ್ದೆ. ನೀವಿಬ್ಬರೂ ತಲೆ ಬಗ್ಗಿಸಿ ಏನೋ ಮಾತಾಡಿದ್ದು ನನಗೆ ಕಾಣಿಸಿತ್ತು. ಹೆಂಗಸರ ಮಾತು ಎಂದು ಬಿಟ್ಟೆ. ಅವಳು ನಿನಗೆ ಏನು ಹೇಳಿದಳು? ಅವಳದೂ ಕತ್ತರಿಯೇ?

ಬರೆ. ಬೈದದ್ದನ್ನೆಲ್ಲ ವಾಪಸ್ ತಗೊಳ್ಳುತ್ತೇನೆ, ಹೆಸರು ತೆಗೆಸುವ ಅರ್ಜಿಯನ್ನೂ ವಾಪಸ್ ತಗೊಳ್ಳುತ್ತೇನೆ. ಹೌದು ಎಂದಾದರೆ ಹೌದು, ಅಲ್ಲ ಎಂದಾದರೆ ಅಲ್ಲ, ಅಷ್ಟು ಬರೆದರೆ ಸಾಕು. ಮನೆಯ ವಿಳಾಸಕ್ಕೆ ಹಾಕಬೇಡ. ಪಂಚಾಯತಿ ಆಫೀಸಿಗೆ ಹಾಕು. ಅಲ್ಲಿಗೆ ಅವಳು ಬರುವುದಿಲ್ಲ.

ನಿನ್ನ ಮಾವ
ಗಂಗಣ್ಣ